ಸ್ಯಾಂ-ದೆನಿಗೆ ಒಂದೂವರೆ ದಿನ

ಮಕ್ಕಳ ಉದ್ಯೋಗದ ನಿಮಿತ್ತವೋ, ಲೂರ್ದು ಯಾತ್ರೆಯ ದಾರಿಯಲ್ಲೋ, ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಪ್ಯಾರಿಸ್ ನಗರವನ್ನು ತಲುಪುವುದು ಈಗ ಅಪರೂಪವಲ್ಲ. ಅಲ್ಲಿ ಎರಡು ದಿನ ಬಿಡುವು ದೊರೆತರೆ ಎಲ್ಲರ ಕಾಲೂ ಐಫೆಲ್ ಗೋಪುರದತ್ತ ನಡೆಯುತ್ತದೆ, ನಡೆಯಲಿ. ಆದರೆ ಒಂದು ಶನಿವಾರದ ಮಧ್ಯಾಹ್ನವನ್ನೂ ಮರುದಿನದ ಭಾನುವಾರವನ್ನೂ ನಗರದ ಉತ್ತರದ ಅಂಚಿನಲ್ಲಿರುವ ಸ್ಯಾಂ-ದೆನಿ ಎಂಬ ಉಪನಗರಕ್ಕೆ ಮೀಸಲಿಡಿರೆಂದು ಕೇಳಿಕೊಳ್ಳುತ್ತೇನೆ. 13ನೆಯ ಮಾರ್ಗದ ಮೆಟ್ರೊ ರೈಲು ನಿಮ್ಮನ್ನು ಮಹಾದೇವಾಲಯದ ಸಮೀಪದಲ್ಲೇ ಇಳಿಸುತ್ತದೆ. "ಅಲ್ಲಿಗೇಕೆ?" ಎಂದು ಪ್ಯಾರಿಸಿನವರೇ ಹುಬ್ಬೇರಿಸಬಹುದು. ಅದು ದುಡಿಯುವವರ, ವಲಸೆ ಬಂದವರ ಊರು. ಅದರ ಬಗ್ಗೆ ಒಳ್ಳೆಯ ಮಾತು ಕಡಿಮೆ. ಜನಸಂದಣಿಯಲ್ಲಿ ಕೈಚೀಲವನ್ನು ಜೋಪಾನವಾಗಿ ಹಿಡಿದುಕೊಳ್ಳಿ. ಆ ಎಚ್ಚರ ನಮ್ಮ ಜಾತ್ರೆಗಳಲ್ಲಿಯೂ ಬೇಕಷ್ಟೆ.

ಊರಿಗೆ ಹೆಸರು ಕೊಟ್ಟವರು ಪ್ಯಾರಿಸಿನ ಮೊದಲ ಧರ್ಮಾಧ್ಯಕ್ಷರಾದ ಸಂತ ಡೆನಿಸ್. ಕ್ರಿ.ಶ. 250ರ ಸುಮಾರಿಗೆ ಅವರ ಶಿರಚ್ಛೇದವಾಯಿತು. ಕಡಿದ ತಲೆಯನ್ನು ತಾವೇ ಕೈಯಲ್ಲಿ ಹಿಡಿದು ಮೊಂಮಾರ್ತ್ರ್ ಗುಡ್ಡದಿಂದ ಇಲ್ಲಿಯವರೆಗೆ ನಡೆದು ಬಂದರೆಂಬುದು ಐತಿಹ್ಯ. ಚರಿತ್ರೆ ಆ ನಡಿಗೆಗೆ ಸಾಕ್ಷಿ ನುಡಿಯಲಾರದು. ಆದರೆ ದೇವಾಲಯದ ಕೆಳಗೆ ರೋಮನರ ಕಾಲದ ಸ್ಮಶಾನವಿತ್ತೆಂಬುದನ್ನು ಉತ್ಖನನಗಳು ತೋರಿಸಿವೆ. ರಕ್ತಸಾಕ್ಷಿಯ ಸಮಾಧಿಯ ಬಳಿ ಮಣ್ಣಾಗಬೇಕೆಂಬ ಹಂಬಲ ಬಡವರಿಗೆ ಮಾತ್ರವಲ್ಲ, ಅರಸರಿಗೂ ಇತ್ತು. 639ರಲ್ಲಿ ತೀರಿಕೊಂಡ ದಾಗೋಬೆರ್ ಅರಸನನ್ನು ಇಲ್ಲಿಯೇ ಹೂಳಿದರು. ಹತ್ತನೆಯ ಶತಮಾನದ ಕೊನೆಯಿಂದ ಫ್ರಾನ್ಸಿನ ಹೆಚ್ಚುಕಡಿಮೆ ಎಲ್ಲ ಅರಸರೂ ಇಲ್ಲಿಗೇ ಬಂದರು.

ಶನಿವಾರ ಒಳಗೆ ಕಾಲಿಟ್ಟೊಡನೆ ಸಮಾಧಿಗಳತ್ತ ಧಾವಿಸದೆ, ತಲೆಯೆತ್ತಿ ಬೆಳಕನ್ನು ನೋಡಿ. ನಡುವಣ ಅಂಗಣಕ್ಕೆ ಪ್ರವೇಶ ಉಚಿತ. ಸಮಾಧಿಗಳ ಭಾಗಕ್ಕೆ ಮಾತ್ರ ಟಿಕೆಟ್. 1122ರಲ್ಲಿ ಇಲ್ಲಿನ ಸನ್ಯಾಸಿ ಮಠಕ್ಕೆ ಅಧಿಪತಿಯಾದ ಸುಜೇ ಎಂಬವರು ಸಾಮಾನ್ಯ ಮನೆಯ ಮಗ. ಬಾಲ್ಯದಲ್ಲಿಯೇ ಮಠಕ್ಕೆ ಒಪ್ಪಿಸಲ್ಪಟ್ಟವರು. ಮುಂದೆ ಅರಸನು ಶಿಲುಬೆಯುದ್ಧಕ್ಕೆ ಹೋದಾಗ ರಾಜ್ಯದ ಆಡಳಿತವನ್ನೇ ನಡೆಸಿದರು. ಕತ್ತಲು ಕವಿದ ಹಳೆಯ ದೇವಾಲಯದ ಪೂರ್ವಭಾಗವನ್ನು ಅವರು ಕೆಡವಿಸಿ, 1140ರಿಂದ 1144ರೊಳಗೆ ಹೊಸದಾಗಿ ಕಟ್ಟಿಸಿದರು. ಚೂಪು ಕಮಾನುಗಳೂ ಕಲ್ಲಿನ ಪಕ್ಕೆಲುಬುಗಳೂ ಛಾವಣಿಯ ಭಾರವನ್ನು ತೆಳ್ಳನೆಯ ಕಂಬಗಳಿಗೆ ಇಳಿಸಿದವು. ಭಾರ ಹೊರುವ ಕೆಲಸದಿಂದ ಬಿಡುಗಡೆಯಾದ ಗೋಡೆಗಳು ಬಣ್ಣದ ಗಾಜಿನ ಕಿಟಕಿಗಳಾದವು. ಬೆಳಕು ಮನಸ್ಸನ್ನು ದೇವರತ್ತ ಎತ್ತುತ್ತದೆಂಬುದು ಸುಜೇ ಅವರ ನಂಬಿಕೆ. ಜೊತೆಗೆ ಅವರಿಗೆ ಕೊಂಚ ಹೆಮ್ಮೆಯೂ ಇತ್ತೆನ್ನಿ: ಕಟ್ಟಡದಲ್ಲಿ ತಮ್ಮ ಹೆಸರನ್ನು ಹಲವೆಡೆ ಕೆತ್ತಿಸಿದರು, ಗಾಜಿನಲ್ಲಿ ಮರಿಯಮ್ಮನವರ ಪಾದದ ಬಳಿ ಸಾಷ್ಟಾಂಗ ಮಲಗಿದ ತಮ್ಮದೇ ಚಿತ್ರವನ್ನು ಬರೆಸಿದರು. 1933ರಲ್ಲಿ ಅಡಿಗಲ್ಲು ಹಾಕಲಾದ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಚೂಪು ಕಮಾನುಗಳ ಕೆಳಗೆ ನೀವು ನಿಂತಿದ್ದರೆ, ಆ ಶೈಲಿಯ ತವರು ಇದೇ ಎಂದು ತಿಳಿಯಿರಿ.

ಇನ್ನು ಸಮಾಧಿಗಳು. ಎಪ್ಪತ್ತಕ್ಕೂ ಹೆಚ್ಚು ಶಿಲಾಪ್ರತಿಮೆಗಳು ಕೈಮುಗಿದು ಮಲಗಿವೆ. ಎಲ್ಲವನ್ನೂ ಎಣಿಸುತ್ತ ಹೋದರೆ ಮಕ್ಕಳು ದಣಿಯುತ್ತಾರೆ. ಹನ್ನೆರಡನೆಯ ಲೂಯಿ ಮತ್ತು ರಾಣಿ ಆನ್ ಅವರ ಸಮಾಧಿಯ ಮುಂದೆ ಮಾತ್ರ ತುಸು ಹೊತ್ತು ನಿಲ್ಲಿ. ಮೇಲ್ಗಡೆ ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ. ಕೆಳಗೆ ಅದೇ ಇಬ್ಬರು ಬತ್ತಲೆ ಶವಗಳು. ದೇಹ ಕೆಡದಂತೆ ಹೊಟ್ಟೆ ಸೀಳಿ ಹೊಲಿದ ಗುರುತನ್ನೂ ಶಿಲ್ಪಿ ಬಿಟ್ಟಿಲ್ಲ. ತಮ್ಮ ಅರಸನನ್ನು ಹೀಗೆ ತೋರಿಸಲು ಅಂಜದ ಕಾಲ ಅದು.

ನಾಲ್ಕನೆಯ ಹೆನ್ರಿಯ ಕಥೆ ಇನ್ನೊಂದು ಬಗೆಯದು. ಪ್ರಾಟೆಸ್ಟೆಂಟ್ ಆಗಿದ್ದ ಆತ 1593ರ ಜುಲೈ 25ರಂದು ಇದೇ ದೇವಾಲಯದಲ್ಲಿ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದ. ಸತ್ತ ಬಳಿಕ ಇಲ್ಲಿಯೇ ಮಣ್ಣಾದ. ಸರಿಯಾಗಿ 200 ವರ್ಷಗಳ ನಂತರ, 1793ರಲ್ಲಿ, ಕ್ರಾಂತಿಯ ಸರಕಾರವು ಅರಸರ ಸಮಾಧಿಗಳನ್ನು ಒಡೆಯಲು ಆಜ್ಞೆಯಿತ್ತಿತು. ಆಗಸ್ಟ್‌ನಲ್ಲಿ ಸ್ಮಾರಕಗಳು ಉರುಳಿದವು, ಅಕ್ಟೋಬರ್‌ನಲ್ಲಿ ಶವಪೆಟ್ಟಿಗೆಗಳು ಹೊರಬಂದವು. ಕೆಡದೆ ಉಳಿದಿದ್ದ ಹೆನ್ರಿಯ ದೇಹವನ್ನು ಜನರು ಬಂದು ನೋಡಿದರು. ಬಳಿಕ ಅದನ್ನೂ ಮಿಕ್ಕವರೊಡನೆ ಗುಂಡಿಗೆ ಎಸೆದು ಸುಣ್ಣ ಸುರಿದರು. ಪೆಟ್ಟಿಗೆಗಳ ಸೀಸ ಕರಗಿ ಗುಂಡುಗಳಾಯಿತು. ಪ್ರತಿಮೆಗಳು ಉಳಿದದ್ದು ಅಲೆಕ್ಸಾಂದ್ರ್ ಲೆನ್ವಾರ್ ಎಂಬವರು ಅವನ್ನು ಪ್ಯಾರಿಸಿಗೆ ಸಾಗಿಸಿ ಕಾಪಾಡಿದ್ದರಿಂದ.

ಆದುದರಿಂದ ನೆಲಮಾಳಿಗೆಗೆ ಇಳಿಯದೆ ಹಿಂದಿರುಗಬೇಡಿ. 1817ರಲ್ಲಿ ಹದಿನೆಂಟನೆಯ ಲೂಯಿ ಆ ಗುಂಡಿಗಳನ್ನು ತೆಗೆಸಿದಾಗ ಯಾರ ಎಲುಬು ಯಾರದೆಂದು ಬೇರ್ಪಡಿಸಲಾಗಲಿಲ್ಲ. ಎಲ್ಲವನ್ನೂ ಒಟ್ಟಿಗೆ ಇರಿಸಿ, ಗೋಡೆ ಕಟ್ಟಿ, ಹೆಸರುಗಳನ್ನು ಅಮೃತಶಿಲೆಯ ಫಲಕಗಳಲ್ಲಿ ಕೆತ್ತಿಸಿದರು. ಮೇಲೆ ನೀವು ನೋಡಿ ಬಂದ ಸಮಾಧಿಗಳು ಬರಿದು. ಅವುಗಳ ಒಡೆಯರು ಇಲ್ಲಿ ಒಂದೇ ರಾಶಿ. ಆ ಫಲಕಗಳ ಮುಂದೆ ಮಕ್ಕಳು ಏನನ್ನಾದರೂ ಕೇಳಿದರೆ ಅವಸರದಿಂದ ಉತ್ತರಿಸಬೇಡಿ.

ಭಾನುವಾರ ಬೆಳಗ್ಗೆ ಸಮಾಧಿಗಳ ಭಾಗ ಮುಚ್ಚಿರುತ್ತದೆ, ಬಲಿಪೂಜೆಗೆ ಬಾಗಿಲು ತೆರೆದಿರುತ್ತದೆ. 1966ರಲ್ಲಿ ಸ್ಯಾಂ-ದೆನಿ ಪ್ರತ್ಯೇಕ ಧರ್ಮಕ್ಷೇತ್ರವಾದಂದಿನಿಂದ ಇದು ಧರ್ಮಾಧ್ಯಕ್ಷರ ಪ್ರಧಾನಾಲಯ. ಒಂದು ಕಾಲಕ್ಕೆ ಅರಸರು ತಮ್ಮದೆಂದುಕೊಂಡಿದ್ದ ಅಂಗಣದಲ್ಲಿ ಈಗ ಆಫ್ರಿಕ ಮತ್ತು ಕೆರಿಬಿಯನ್ ದ್ವೀಪಗಳ ಮೂಲದ ಕುಟುಂಬಗಳು ಮಕ್ಕಳೊಡನೆ ಮೊಣಕಾಲೂರುತ್ತವೆ. ಭಾಷೆ ತಿಳಿಯದಿದ್ದರೂ ಪೂಜೆಯ ಕ್ರಮ ನಿಮ್ಮದೇ. ನೀವು ಪ್ರವಾಸಿಯಾಗಿ ಬಂದಿರೋ, ಯಾತ್ರಿಕರಾಗಿಯೋ ಎಂಬುದು ಅಲ್ಲಿ ನಿಮಗೇ ತಿಳಿದೀತು.

ಪೂಜೆ ಮುಗಿದ ಮೇಲೆ ಹತ್ತಿರದ ಸಂತೆಗೆ ಹೋಗಿ. ಮಂಗಳವಾರ, ಶುಕ್ರವಾರ, ಭಾನುವಾರಗಳಂದು ಅದು ನೆರೆಯುತ್ತದೆ. ಹುಡುಗರು ಹಟ ಹಿಡಿದರೆ 1998ರ ವಿಶ್ವಕಪ್ ಫುಟ್‌ಬಾಲ್ ಅಂತಿಮ ಪಂದ್ಯ ನಡೆದ ಕ್ರೀಡಾಂಗಣವೂ ಇದೇ ಊರಿನಲ್ಲಿದೆ. ಹೊರಡುವ ಮುನ್ನ ದೇವಾಲಯದ ಮುಂಭಾಗವನ್ನು ಮತ್ತೊಮ್ಮೆ ನೋಡಿ. ಬಿರುಗಾಳಿಯಿಂದ ಜಖಂಗೊಂಡ ಉತ್ತರದ ಗೋಪುರವನ್ನು 1840ರ ದಶಕದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಇಳಿಸಿದರು. ಅಂದಿನಿಂದ ಅದು ಒಂಟಿ ಗೋಪುರದ ದೇವಾಲಯ. ಇಳಿಸಿದ್ದನ್ನು ಮರಳಿ ಏರಿಸುವ ಕೆಲಸವನ್ನು ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದ್ದಾರೆ. ಕಲ್ಲುಕುಟಿಗರ ಉಳಿಯ ಸದ್ದು ಕೇಳಿಸಿದರೆ ಸ್ವಲ್ಪ ನಿಂತು ಹೋಗಿ.