ಯಾವ ಫಿನಿಶ್ ಬೇಕು? ಅಲಾಯ್ ವೀಲ್‌ನ ಹೊಳಪಿನ ಹಿಂದಿರೋ ನೂರು ವರ್ಷದ ಕಥೆ

(ಪಾಡ್‌ಕಾಸ್ಟ್ ಕಂತಿನ ಅಕ್ಷರರೂಪ)

ಇವತ್ತಿನ ಕಂತಿನಲ್ಲಿ ಕಾರಿನ ಚಕ್ರದ ಬಗ್ಗೆ ಮಾತಾಡೋಣ. ಚಕ್ರ ಅಂದರೆ ಟೈರ್ ಅಲ್ಲ, ಅದರೊಳಗಿನ ಅಲಾಯ್ ವೀಲ್. ಅದರಲ್ಲೂ ಅದರ ಮೇಲ್ಮೈ ಬಗ್ಗೆ ಮಾತ್ರ.

ಫುಟ್‌ಪಾತ್ ಅಂಚಿಗೆ ಉಜ್ಜಿ ಗೀರು ಬಿದ್ದ, ಬಣ್ಣ ಎದ್ದುಹೋದ ಹಳೇ ಅಲಾಯ್ ವೀಲ್‌ಗಳನ್ನು ರಿಪೇರಿ ಅಂಗಡಿಗೆ ತಗೊಂಡು ಹೋದರೆ ಎದುರಾಗೋ ಮೊದಲ ಪ್ರಶ್ನೆ: ‘ಯಾವ ಫಿನಿಶ್ ಬೇಕು ಸರ್?’ ಸಿಲ್ವರ್ ಪೇಂಟ್, ಪೌಡರ್ ಕೋಟಿಂಗ್, ಡೈಮಂಡ್ ಕಟ್, ಕ್ರೋಮ್, ಮ್ಯಾಟ್ ಬ್ಲ್ಯಾಕ್, ಗೋಲ್ಡ್. ನಾವು ಮೊಬೈಲ್ ತೆಗೆದು, ಇನ್‌ಸ್ಟಾಗ್ರಾಮ್‌ನಲ್ಲಿ ಸೇವ್ ಮಾಡಿಟ್ಟ ಫೋಟೊ ತೋರಿಸಿ ‘ಇಂಥದ್ದೇ ಬೇಕು’ ಅಂತೀವಿ.

ಆದರೆ ಈ ಫಿನಿಶ್‌ಗಳಲ್ಲಿ ಬಹಳಷ್ಟು ಬರೀ ಚಂದಕ್ಕೆ ಹುಟ್ಟಿದ್ದಲ್ಲ. ತುಕ್ಕು, ಉಪ್ಪುನೀರು, ತೂಕ, ಇಂಥ ಯಾವುದೋ ಒಂದು ತೊಂದರೆಗೆ ಯಾರೋ ಕಂಡುಕೊಂಡ ಉತ್ತರ ಅವು. ಯಾವುದು ಯಾವ ತೊಂದರೆಗೆ ಹುಟ್ಟಿತು ಅಂತ ಗೊತ್ತಾದರೆ, ಯಾವುದನ್ನು ಆರಿಸಬೇಕು ಅನ್ನೋದೂ ಗೊತ್ತಾಗುತ್ತೆ. ಬನ್ನಿ, ನೂರು ವರ್ಷ ಹಿಂದಕ್ಕೆ ಹೋಗೋಣ.

1924ರ ಆಗಸ್ಟ್, ಫ್ರಾನ್ಸಿನ ಲಿಯೋನ್. ಗ್ರ್ಯಾನ್ ಪ್ರಿ ರೇಸಿಗೆ ಎತ್ತೋರೆ ಬುಗಾಟಿ ತನ್ನ ಹೊಸ ಕಾರು ‘ಟೈಪ್ 35’ ತಂದಿದ್ದ. ಆ ಕಾಲದ ರೇಸ್ ಕಾರುಗಳಿಗೆ ಸಾಮಾನ್ಯವಾಗಿ ಸೈಕಲ್ ಚಕ್ರದ ಥರ ತಂತಿ ಕಡ್ಡಿಗಳ ಚಕ್ರ ಇರುತ್ತಿತ್ತು. ಬುಗಾಟಿಯ ಕಾರಿಗೆ ಇದ್ದದ್ದು ಎರಕ ಹೊಯ್ದ ಅಲ್ಯುಮಿನಿಯಂ ಚಕ್ರ. ಎಂಟು ಚಪ್ಪಟೆ ಕಡ್ಡಿಗಳು, ಬ್ರೇಕ್ ಡ್ರಮ್ ಕೂಡ ಚಕ್ರದ ಜೊತೆಗೇ ಸೇರಿಕೊಂಡಿತ್ತು. ಆ ರೇಸಿನಲ್ಲಿ ಟೈರ್‌ಗಳು ಕೈಕೊಟ್ಟವು, ಬುಗಾಟಿ ಗೆಲ್ಲಲಿಲ್ಲ. ಆದರೆ ಆ ಕಾರು ಮುಂದಿನ ವರ್ಷಗಳಲ್ಲಿ ರೇಸ್ ಮೇಲೆ ರೇಸ್ ಗೆದ್ದಿತು. ಅಲಾಯ್ ವೀಲ್ ಅನ್ನೋದು ಕಾರು ಜಗತ್ತಿನ ಕಣ್ಣಿಗೆ ಬಿದ್ದಿದ್ದು ಹಾಗೆ.

ಆ ಚಕ್ರದ ಫಿನಿಶ್ ಏನು? ಏನೂ ಇಲ್ಲ. ಬರೀ ಲೋಹ. ಅಲ್ಯುಮಿನಿಯಂಗೆ ಒಂದು ಒಳ್ಳೇ ಗುಣ ಇದೆ. ಗಾಳಿ ತಾಗಿದ ಕೂಡಲೇ ತನ್ನ ಮೈಮೇಲೆ ತಾನೇ ಆಕ್ಸೈಡಿನ ತೆಳುವಾದ ಪದರ ಕಟ್ಟಿಕೊಳ್ಳುತ್ತೆ. ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯಲ್ಲ. ಒಂದೇ ಒಂದು ಶತ್ರು ಇದೆ: ಉಪ್ಪು. ಉಪ್ಪಿನ ತೇವ ಸಿಕ್ಕರೆ ಆ ಪದರ ಅಲ್ಲಲ್ಲಿ ಒಡೆದು, ಲೋಹದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತೆ, ಬಿಳೀ ಪುಡಿ ಏಳುತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಕಾರು ಇಟ್ಟುಕೊಂಡವರಿಗೆ ಈ ಬಿಳೀ ಪುಡಿ ಚೆನ್ನಾಗಿ ಗೊತ್ತಿರುತ್ತೆ.

ಈ ಉಪ್ಪಿನ ಸಮಸ್ಯೆಗೆ ಮೊದಲು ಉತ್ತರ ಹುಡುಕಿದ್ದು ಕಾರಿನವರಲ್ಲ, ವಿಮಾನದವರು. ಸಮುದ್ರದ ಮೇಲೆ ಇಳಿಯೋ ವಿಮಾನಗಳ ಅಲ್ಯುಮಿನಿಯಂ ಭಾಗಗಳು ಉಪ್ಪುನೀರಿಗೆ ಹಾಳಾಗುತ್ತಿದ್ದವು. 1923ರಲ್ಲಿ ಬ್ರಿಟನ್ನಿನಲ್ಲಿ ಬೆಂಗಾ ಮತ್ತು ಸ್ಟುವರ್ಟ್ ಅನ್ನೋರ ಹೆಸರಿನ ಒಂದು ವಿಧಾನ ಬಂತು. ಲೋಹವನ್ನು ಆಮ್ಲದ ತೊಟ್ಟಿಯಲ್ಲಿ ಇಳಿಸಿ, ವಿದ್ಯುತ್ ಹರಿಸಿ, ಆ ಆಕ್ಸೈಡ್ ಪದರವನ್ನೇ ದಪ್ಪ ಬೆಳೆಸೋದು. ಇದೇ ಆನೊಡೈಸಿಂಗ್. ಹೊರಗಿಂದ ಏನನ್ನೂ ಬಳಿಯಲ್ಲ. ಲೋಹ ತನ್ನ ಚರ್ಮವನ್ನು ತಾನೇ ಗಟ್ಟಿ ಮಾಡಿಕೊಂಡ ಹಾಗೆ.

ರಸ್ತೆ ಕಾರಿನ ಚಕ್ರದಲ್ಲಿ ಇದರ ಪ್ರಸಿದ್ಧ ಉದಾಹರಣೆ ಪೋರ್ಷೆ 911 ಎಸ್, 1966. ಜರ್ಮನಿಯ ಮೈನರ್ಟ್ಸ್‌ಹಾಗನ್ ಊರಿನ ಓಟೋ ಫುಕ್ಸ್ ಕಂಪನಿ ಆ ಕಾರಿಗೆ ಐದು ದಳದ ಹೂವಿನಂಥ ಚಕ್ರ ಮಾಡಿಕೊಟ್ಟಿತು. ಎರಕ ಹೊಯ್ದದ್ದಲ್ಲ, ಫೋರ್ಜಿಂಗ್ ಮಾಡಿದ್ದು, ಅಂದರೆ ಕಾದ ಲೋಹವನ್ನು ಭಾರೀ ಒತ್ತಡದಲ್ಲಿ ಅದುಮಿ ತಯಾರಿಸಿದ್ದು. ಮೇಲೆ ಆನೊಡೈಸ್ ಮಾಡಿದ ಮೆಲುಹೊಳಪು, ದಳಗಳ ನಡುವಿನ ತಗ್ಗಿಗೆ ಕಪ್ಪು ಬಣ್ಣ. ಇವತ್ತು ಹಳೇ ಪೋರ್ಷೆ ಇಟ್ಟುಕೊಂಡವರು ವಾದ ಮಾಡೋದು ಇದೇ ವಿಷಯಕ್ಕೆ. ಆ ಮೇಲ್ಮೈ ಹಾಳಾದರೆ ಕಷ್ಟಪಟ್ಟು ಮತ್ತೆ ಆನೊಡೈಸ್ ಮಾಡಿಸೋದಾ, ಸುಮ್ಮನೆ ಪಾಲಿಶ್ ಹೊಡೆಸಿಬಿಡೋದಾ, ಪೇಂಟ್ ಮಾಡಿಸೋದಾ? ಆನೊಡೈಸಿಂಗ್‌ಗೆ ತೇಪೆ ಹಾಕಕ್ಕೆ ಆಗಲ್ಲ. ಒಂದು ಕಡೆ ಗೀರು ಬಿದ್ದರೂ ಪೂರ್ತಿ ಕಿತ್ತು ಮೊದಲಿಂದ ಮಾಡಬೇಕು. ಪಾಲಿಶ್ ಮಾಡಿಸಿದರೆ ಕನ್ನಡಿ ಥರ ಹೊಳೆಯುತ್ತೆ, ಆದರೆ ಆ ಗಟ್ಟಿ ಚರ್ಮ ಹೋಗಿರುತ್ತೆ. ಆಮೇಲೆ ಆಗಾಗ ಉಜ್ಜುತ್ತಾ ಇರಬೇಕು.

ಇನ್ನು ಚಿನ್ನದ ಬಣ್ಣಕ್ಕೆ ಬರೋಣ. ಹಳೇ ಮೆಕ್ಯಾನಿಕ್‌ಗಳು ಅಲಾಯ್ ವೀಲ್‌ಗೆ ‘ಮ್ಯಾಗ್ ವೀಲ್’ ಅನ್ನೋದನ್ನು ಕೇಳಿರಬಹುದು. ಮ್ಯಾಗ್ ಅಂದರೆ ಮೆಗ್ನೀಸಿಯಂ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಟೆಡ್ ಹ್ಯಾಲಿಬ್ರ್ಯಾಂಡ್ ಅನ್ನೋರು ರೇಸ್ ಕಾರುಗಳಿಗೆ ಮೆಗ್ನೀಸಿಯಂ ಚಕ್ರ ಮಾಡಿದರು. 1960ರ ದಶಕದಲ್ಲಿ ಬ್ರಿಟನ್ನಿನ ಮಿನಿ ಕೂಪರ್ ಕಾರುಗಳಿಗೆ ಮಿನಿಲೈಟ್ ಚಕ್ರ ಬಂತು. ಮೆಗ್ನೀಸಿಯಂ ಬಹಳ ಹಗುರ. ಒಂದು ಘನ ಸೆಂಟಿಮೀಟರ್ ಅಲ್ಯುಮಿನಿಯಂ 2.7 ಗ್ರಾಂ ತೂಗಿದರೆ, ಮೆಗ್ನೀಸಿಯಂ 1.74 ಗ್ರಾಂ ಮಾತ್ರ. ಆದರೆ ಮಳೆನೀರಿಗೆ, ಉಪ್ಪಿಗೆ ಇದು ಅಲ್ಯುಮಿನಿಯಂಗಿಂತ ಬೇಗ ಕರಗುತ್ತೆ. ಅದಕ್ಕೆ ಕ್ರೋಮೇಟ್ ರಾಸಾಯನಿಕದ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಹಾಗೆ ಅದ್ದಿದಾಗ ಲೋಹದ ಮೇಲೆ ಹೊಂಬಣ್ಣದಿಂದ ಕಂದುಬಣ್ಣದವರೆಗಿನ ಛಾಯೆ ಬರುತ್ತಿತ್ತು. ಅಂದರೆ ಆ ಹೊಂಬಣ್ಣ ಅಲಂಕಾರ ಅಲ್ಲ, ಔಷಧಿಯ ಕಲೆ.

ಎಲ್ಲ ಚಿನ್ನದ ಚಕ್ರಗಳ ಮೂಲ ಇದೇ ಅಂತ ಹೇಳಕ್ಕಾಗಲ್ಲ. 1995ರಲ್ಲಿ ಕಾಲಿನ್ ಮೆಕ್ರೇ ವಿಶ್ವ ರ‍್ಯಾಲಿ ಚಾಂಪಿಯನ್ ಆದಾಗ ಓಡಿಸಿದ ನೀಲಿ ಸುಬಾರು ಇಂಪ್ರೆಝಾ ನೆನಪಿಸಿಕೊಳ್ಳಿ. ಅದರ ಹೊಂಬಣ್ಣದ ಚಕ್ರ, ಕಾರಿನ ಮೈಮೇಲಿದ್ದ ಸಿಗರೇಟ್ ಬ್ರ್ಯಾಂಡಿನ ಹಳದಿ ಅಂಕಿಗಳಿಗೆ ಹೊಂದಿಕೊಳ್ಳುತ್ತಿತ್ತು. ಆಮೇಲೆ ಅದೇ ಜೋಡಿ ಅಂಗಡಿಯಲ್ಲಿ ಮಾರೋ ಸುಬಾರುಗಳಿಗೂ ಬಂತು, ವಿಡಿಯೊ ಗೇಮ್‌ಗಳಿಗೂ ಬಂತು, ಅಲ್ಲಿಂದ ನಮ್ಮ ತಲೆಗೂ ಬಂತು. ನೀಲಿ ಕಾರಿಗೆ ಗೋಲ್ಡ್ ವೀಲ್ ಕೇಳೋ ಹುಡುಗರಿಗೆ ಆ ಆಸೆ ಎಲ್ಲಿಂದ ಬಂತು ಅನ್ನೋದಕ್ಕೆ ಇದೂ ಒಂದು ಉತ್ತರ.

ಮುಂದಿನದು ಕ್ರೋಮ್. 1920ರ ದಶಕದಲ್ಲಿ ಕ್ರೋಮ್ ಲೇಪನ ಕಾರ್ಖಾನೆ ಮಟ್ಟಕ್ಕೆ ಬಂತು, ಬಂಪರ್‌ನಿಂದ ಹಿಡಿದು ಎಲ್ಲದಕ್ಕೂ ಹಚ್ಚಿದರು. ಚಕ್ರಕ್ಕೆ ಹಾಕುವಾಗ ಕೆಳಗೆ ತಾಮ್ರ, ನಿಕಲ್ ಪದರಗಳು, ಮೇಲೆ ತೆಳ್ಳಗೆ ಕ್ರೋಮ್. ಹೊಳಪಿನಲ್ಲಿ ಇದನ್ನು ಮೀರಿಸೋದು ಕಷ್ಟ. ಆದರೆ ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೆ ನುಗ್ಗಿ, ಸಿಪ್ಪೆ ಥರ ಎದ್ದು ಬರುತ್ತೆ. ಟೈರ್ ಕೂರೋ ಅಂಚಿನಲ್ಲಿ ಎದ್ದರೆ ಗಾಳಿ ಸೋರುತ್ತೆ. ಇನ್ನೊಂದು ದೊಡ್ಡ ವಿಷಯ ಇದೆ. ಹಳೇ ಪದ್ಧತಿಯ ತೊಟ್ಟಿಯಲ್ಲಿ ಬಳಸೋ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತೆ. ಅದಕ್ಕೇ ಯೂರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರಿನಿಂದ ವಿಶೇಷ ಅನುಮತಿ ಇಲ್ಲದೆ ಅದನ್ನು ಬಳಸೋ ಹಾಗಿಲ್ಲ. ನಮ್ಮ ಚಕ್ರದ ಹೊಳಪಿಗೆ ತೊಟ್ಟಿಯ ಪಕ್ಕ ನಿಂತು ಕೆಲಸ ಮಾಡೋನ ಶ್ವಾಸಕೋಶ ಬೆಲೆ ಕೊಡಬಾರದಲ್ವಾ?

ಈಗ ಪೌಡರ್ ಕೋಟಿಂಗ್. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್, ಗಾಳಿಯಲ್ಲಿ ತೇಲಾಡೋ ಪ್ಲಾಸ್ಟಿಕ್ ಪುಡಿಯೊಳಗೆ ಬಿಸಿ ಲೋಹವನ್ನು ಅದ್ದೋ ವಿಧಾನ ರೂಪಿಸಿದರು. 1960ರ ದಶಕದಲ್ಲಿ ಪುಡಿಗೆ ವಿದ್ಯುತ್ ಆವೇಶ ಕೊಟ್ಟು ಗನ್‌ನಿಂದ ಸಿಂಪಡಿಸೋದು ಬಂತು. ಆಮೇಲೆ ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಬೇಯಿಸಿದರೆ ಪುಡಿ ಕರಗಿ ಗಟ್ಟಿ ಪದರ ಆಗುತ್ತೆ. ಮಾಮೂಲಿ ಪೇಂಟ್‌ಗಿಂತ ದಪ್ಪ. ಕಲ್ಲೇಟಿಗೆ, ಬ್ರೇಕಿನಿಂದ ಹಾರೋ ಬಿಸಿ ಕಬ್ಬಿಣದ ಪುಡಿಗೆ ಚೆನ್ನಾಗಿ ತಡೆಯುತ್ತೆ. ದಿನಾ ಓಡೋ ಕಾರಿಗೆ ಬಹಳ ಜನ ಇದನ್ನೇ ಹೇಳೋದಕ್ಕೆ ಕಾರಣ ಇದು.

ಆದರೆ ಇಲ್ಲಿ ಎರಡು ಎಚ್ಚರಿಕೆ. ಎರಕದ ಅಲಾಯ್ ವೀಲ್‌ನ ಬಲ ಬರೋದು ಶಾಖ ಸಂಸ್ಕಾರದಿಂದ. ಮೊದಲು 540 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ, ನೀರಿಗೆ ಅದ್ದಿ, ಮತ್ತೆ 150–170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಹದ ಮಾಡಿರುತ್ತಾರೆ. ರಿಪೇರಿಯವರ ಒಲೆ ವಿಪರೀತ ಬಿಸಿಯಾದರೆ, ಅಥವಾ ಹೊತ್ತು ಮೀರಿ ಒಳಗಿಟ್ಟರೆ, ಆ ಹದ ಕೆಡುತ್ತೆ. ಎರಡನೇದು, ನಟ್ ಕೂರೋ ಜಾಗ ಮತ್ತು ಚಕ್ರ ಹಬ್‌ಗೆ ತಾಗೋ ಜಾಗದಲ್ಲಿ ದಪ್ಪ ಕೋಟಿಂಗ್ ಇರಬಾರದು. ಇದ್ದರೆ ಓಡ್ತಾ ಓಡ್ತಾ ಅದು ಅದುಮಿಕೊಂಡು ನಟ್ ಸಡಿಲ ಆಗಬಹುದು.

ಕೊನೆಗೆ ಡೈಮಂಡ್ ಕಟ್. ಇದು ಕಂಪ್ಯೂಟರ್ ಲೇತ್‌ನ ಕಾಲದ ಫಿನಿಶ್. ಮೊದಲು ಪೂರ್ತಿ ಚಕ್ರಕ್ಕೆ ಬಣ್ಣ ಹಾಕಿ, ಆಮೇಲೆ ವಜ್ರದ ಮೊನೆಯ ಉಪಕರಣದಿಂದ ಮುಂಭಾಗವನ್ನು ಕೂದಲೆಳೆಯಷ್ಟು ಕೆತ್ತುತ್ತಾರೆ. ಬಿಸಿಲಿಗೆ ಸಿ.ಡಿ. ಥರ ಕಾಮನಬಿಲ್ಲು ಮಿನುಗುತ್ತೆ. ಈಗಿನ ಹೊಸ ಕಾರುಗಳ ಟಾಪ್ ಮಾಡೆಲ್‌ಗಳಲ್ಲಿ ನೀವು ನೋಡೋ ಎರಡು ಬಣ್ಣದ ಚಕ್ರ ಇದೇ.

ಇಲ್ಲಿವರೆಗೆ ನೋಡಿದ ಹೆಚ್ಚಿನ ಫಿನಿಶ್‌ಗಳು ಲೋಹವನ್ನು ಕಾಪಾಡೋಕೆ ಬಂದವು. ಇದು ಲೋಹವನ್ನೇ ತೆಗೆದು ಚಂದ ಮಾಡೋದು. ಕೆತ್ತಿದ ಬರಿ ಲೋಹಕ್ಕೆ ರಕ್ಷಣೆ ಅಂತ ಇರೋದು ತೆಳುವಾದ ಪಾರದರ್ಶಕ ಲ್ಯಾಕರ್. ಒಂದು ಕಲ್ಲು ತಾಗಿ ಅದು ಒಡೆದರೆ ಸಾಕು, ನೀರು ಒಳಗಿಳಿದು, ಲ್ಯಾಕರ್ ಕೆಳಗೆ ಬಿಳೀ ಹುಳ ಹರಿದ ಹಾಗೆ ಗೆರೆಗಳು ಹಬ್ಬುತ್ತವೆ. ಸರಿ ಮಾಡಬೇಕು ಅಂದರೆ ಮತ್ತೆ ಕೆತ್ತಬೇಕು. ಎಷ್ಟು ಸಲ ಅಂತ ಕೆತ್ತೋದು? ಎರಡು–ಮೂರು ಸಲ ಆದಮೇಲೆ ಜವಾಬ್ದಾರಿ ಇರೋ ಅಂಗಡಿಯವರು ಕೈಮುಗಿಯುತ್ತಾರೆ. ಬಣ್ಣ ಹೋದರೆ ಮತ್ತೆ ಹಚ್ಚಬಹುದು, ಹೋದ ಲೋಹ ವಾಪಸ್ ಬರಲ್ಲ.

ಹಾಗಾದರೆ ಏನು ಮಾಡಬೇಕು? ಕರಾವಳಿಯಲ್ಲಿದ್ದೀರಿ, ಅಥವಾ ಕಾರು ಬಿಸಿಲು–ಮಳೆಯಲ್ಲೇ ನಿಲ್ಲುತ್ತೆ ಅಂದರೆ, ಪೂರ್ತಿ ಮುಚ್ಚೋ ಪೌಡರ್ ಕೋಟಿಂಗ್ ಅಥವಾ ಒಳ್ಳೇ ಪೇಂಟ್ ವಾಸಿ. ಡೈಮಂಡ್ ಕಟ್ ಚಕ್ರ ಹಾಳಾಗಿದ್ದರೆ, ಈ ಹಿಂದೆ ಎಷ್ಟು ಸಲ ಕೆತ್ತಿಸಿದ್ದಾರೆ ಅಂತ ವಿಚಾರಿಸಿ. ಸೆಕೆಂಡ್ ಹ್ಯಾಂಡ್ ಚಕ್ರ ಆದರೆ ಇದು ತಿಳಿಯೋದೇ ಕಷ್ಟ, ಹಾಗಾಗಿ ಬಣ್ಣಕ್ಕೆ ಬದಲಾಯಿಸೋದೇ ಕ್ಷೇಮ. ಅಪರೂಪದ ಹಳೇ ಕಾರಾದರೆ, ಮೂಲ ಫಿನಿಶ್ ಯಾವುದು ಅಂತ ತಿಳ್ಕೊಂಡು ಆಮೇಲೆ ಕೈಹಾಕಿ. ಒಂದು ಸಲ ಕಿತ್ತರೆ ಆ ಗುರುತು ಹೋಯ್ತು.

ಬೆಂಗಳೂರಿನ ಜೆ.ಸಿ. ರೋಡ್ ಇರಲಿ, ನಿಮ್ಮೂರಿನ ಅಂಗಡಿ ಇರಲಿ, ಚಕ್ರ ಕೊಡೋ ಮೊದಲು ಮೂರು ಪ್ರಶ್ನೆ ಕೇಳಿ. ಹಳೇ ಬಣ್ಣ ಯಾವುದರಲ್ಲಿ ತೆಗೀತೀರಿ? ಕಾಸ್ಟಿಕ್ ಸೋಡಾ ಅಂದರೆ ಬೇಡ ಅನ್ನಿ, ಅದು ಅಲ್ಯುಮಿನಿಯಂನ್ನೇ ತಿನ್ನುತ್ತೆ. ಬಣ್ಣ ತೆಗೆದ ಮೇಲೆ ಬಿರುಕು ಇದೆಯಾ ಅಂತ ಪರೀಕ್ಷೆ ಮಾಡ್ತೀರಾ? ನಮ್ಮ ಗುಂಡಿ ರಸ್ತೆಗಳಲ್ಲಿ ಓಡಿದ ಚಕ್ರಕ್ಕೆ ಇದು ಬೇಕೇ ಬೇಕು, ಯಾಕಂದರೆ ಹೊಸ ಕೋಟಿಂಗ್ ಬಿರುಕನ್ನು ಮುಚ್ಚುತ್ತೆ, ಕೂಡಿಸಲ್ಲ. ಒಲೆಯ ಶಾಖ ಎಷ್ಟು, ಎಷ್ಟು ಹೊತ್ತು ಇಡ್ತೀರಿ? ಈ ಮೂರಕ್ಕೂ ನೇರವಾದ ಉತ್ತರ ಸಿಕ್ಕರೆ, ಆಮೇಲೆ ಫೋನ್ ತೆಗೆದು ನಿಮ್ಮ ಫೋಟೊ ತೋರಿಸಿ. ಚಕ್ರ ವಾಪಸ್ ಹಾಕಿಸಿದ ಮೇಲೆ 50–100 ಕಿಲೋಮೀಟರ್ ಓಡಿಸಿ, ನಟ್‌ಗಳ ಬಿಗಿ ಇನ್ನೊಮ್ಮೆ ನೋಡಿಸೋದು ಮರೀಬೇಡಿ.

ಇವತ್ತಿಗೆ ಇಷ್ಟು. ಅಲಾಯ್ ವೀಲ್ ಮಾಡಿಸೋ ಯೋಚನೆಯಲ್ಲಿರೋ ಸ್ನೇಹಿತರಿಗೆ ಈ ಕಂತು ಕಳಿಸಿ.