ಸತ್ತ ಮೇಲೆ ಸಿಕ್ಕ ಕ್ಯಾನ್ಸರ್

ಪೋಸ್ಟ್‌ಮಾರ್ಟಂ ಎಂದರೆ ನಮಗೆ ಪೊಲೀಸು, ಕೋರ್ಟು ನೆನಪಾಗುತ್ತವೆ. ಆದರೆ ಆಸ್ಪತ್ರೆಯಲ್ಲಿ ಕಾಯಿಲೆಯಿಂದ ತೀರಿಕೊಂಡವರ ದೇಹವನ್ನು, ಮನೆಯವರ ಒಪ್ಪಿಗೆ ಪಡೆದು, ವೈದ್ಯರು ತಾವು ತಿಳಿದದ್ದು ಸರಿಯಿತ್ತೇ ಎಂದು ತೆರೆದು ನೋಡುವ ಪದ್ಧತಿಯೂ ಹಳೆಯದು. ಪಡುವಾದ ಮೊರ್ಗಾನಿ ಸುಮಾರು 700 ಶವಪರೀಕ್ಷೆಗಳ ವಿವರವನ್ನು 1761ರಲ್ಲಿ ಪ್ರಕಟಿಸಿದಾಗ ಅವನಿಗೆ 79 ವರ್ಷ. ಬಾಸ್ಟನ್ನಿನ ರಿಚರ್ಡ್ ಕ್ಯಾಬಟ್ 1912ರಲ್ಲಿ 3,000 ಶವಪರೀಕ್ಷೆಗಳನ್ನು ಮುಂದಿಟ್ಟುಕೊಂಡು ವೈದ್ಯರು ಎಲ್ಲೆಲ್ಲಿ ಎಡವುತ್ತಾರೆಂದು ಲೆಕ್ಕ ಹಾಕಿದ.

ಸ್ಕ್ಯಾನಿಂಗ್ ಬಂದ ಮೇಲೆ ಇದೆಲ್ಲ ಯಾಕೆ ಎಂಬ ಭಾವನೆ ಬೆಳೆಯಿತು. ಆಸ್ಪತ್ರೆಯ ಸಾವುಗಳಲ್ಲಿ ಇಂತಿಷ್ಟಕ್ಕೆ ಶವಪರೀಕ್ಷೆ ಆಗಲೇಬೇಕೆಂಬ ನಿಯಮವನ್ನು ಅಮೆರಿಕ 1970ರ ದಶಕದ ಆರಂಭದಲ್ಲೇ ಕೈಬಿಟ್ಟಿತ್ತು. ಆಮೇಲೆ 1998ರಲ್ಲಿ ನ್ಯೂ ಆರ್ಲಿಯನ್ಸ್‌ನ ಒಂದು ದೊಡ್ಡ ಆಸ್ಪತ್ರೆಯ ವೈದ್ಯರು ತಮ್ಮದೇ ಹತ್ತು ವರ್ಷಗಳ ಕಡತ ತೆಗೆದರು. 1986ರಿಂದ 1995ರವರೆಗೆ 1,105 ಶವಪರೀಕ್ಷೆ. 225 ಮಂದಿಯಲ್ಲಿ 250 ಕ್ಯಾನ್ಸರ್. ಅಂದರೆ ಕೆಲವರ ಮೈಯಲ್ಲಿ ಒಂದಕ್ಕಿಂತ ಹೆಚ್ಚು. ಇವುಗಳಲ್ಲಿ 111 ಗಡ್ಡೆಗಳು ರೋಗಿ ಬದುಕಿದ್ದಾಗ ಗೊತ್ತೇ ಆಗಿರಲಿಲ್ಲ, ಇಲ್ಲವೇ ಬೇರೇನೋ ಎಂದುಕೊಳ್ಳಲಾಗಿತ್ತು. ಹೀಗೆ ತಪ್ಪಿಹೋದ 100 ಮಂದಿಯಲ್ಲಿ 57 ಜನರ ಸಾವಿಗೆ ಆ ಕ್ಯಾನ್ಸರೇ ಮೂಲ. ಗೊಂದಲವಿದ್ದ ಸಾವುಗಳೇ ಶವಪರೀಕ್ಷೆಗೆ ಹೆಚ್ಚಾಗಿ ಹೋಗುತ್ತವೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೂ ಸಿಟಿ ಸ್ಕ್ಯಾನ್ ಇದ್ದ ಕಾಲದ ಮಾತಿದು.

ಉಳಿದ 43 ಮಂದಿ? ಅವರು ಕ್ಯಾನ್ಸರ್ ಇಟ್ಟುಕೊಂಡೇ ಬೇರೆ ಕಾರಣಕ್ಕೆ ಸತ್ತವರು. ನನಗೆ ಹೆಚ್ಚು ಕುತೂಹಲ ಇವರ ಮೇಲೆಯೇ. 1935ರಲ್ಲಿ ಬಾಲ್ಟಿಮೋರಿನ ಆರ್ನಾಲ್ಡ್ ರಿಚ್, ಐವತ್ತು ದಾಟಿ ಸತ್ತ ಗಂಡಸರ ಪ್ರಾಸ್ಟೇಟ್ ಗ್ರಂಥಿಗಳನ್ನು ಪರೀಕ್ಷಿಸಿ ನೂರಕ್ಕೆ 14ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕಂಡ. ಫಿನ್‌ಲ್ಯಾಂಡಿನವರು 1985ರಲ್ಲಿ 101 ಶವಗಳ ಥೈರಾಯ್ಡನ್ನು ತೆಳುವಾಗಿ ಸೀಳಿ ಸೀಳಿ ನೋಡಿದರು; 36ರಲ್ಲಿ ಪುಟ್ಟ ಕ್ಯಾನ್ಸರ್ ಇತ್ತು. ಇನ್ನೂ ತೆಳುವಾಗಿ ಸೀಳಿದ್ದರೆ ಇನ್ನೂ ಸಿಗುತ್ತಿತ್ತು. ಹುಡುಕಿದಷ್ಟೂ ಸಿಗುವ, ಆದರೆ ಬಹುಪಾಲು ಯಾರನ್ನೂ ಕೊಲ್ಲದ ಕ್ಯಾನ್ಸರ್.

ಈ ಮಾತು ಶವಾಗಾರದಲ್ಲೇ ಉಳಿದಿದ್ದರ ಬೆಲೆ ತೆತ್ತದ್ದು ದಕ್ಷಿಣ ಕೊರಿಯಾ. 1999ರಲ್ಲಿ ಅಲ್ಲಿ ಸರ್ಕಾರಿ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ, ಆದರೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ಕುತ್ತಿಗೆಗೂ ಅಲ್ಟ್ರಾಸೌಂಡ್. (ನಮ್ಮ ಕಂಪನಿಗಳ ಹೆಲ್ತ್ ಚೆಕಪ್ ಪ್ಯಾಕೇಜುಗಳು ನೆನಪಾದರೆ ಆಶ್ಚರ್ಯವಿಲ್ಲ.) 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಎಲ್ಲರ ಕುತ್ತಿಗೆಗೂ ಕತ್ತರಿ ಬಿತ್ತು. ಬಹಳ ಜನಕ್ಕೆ ಜೀವನಪೂರ್ತಿ ಮಾತ್ರೆ, ಕೆಲವರ ದನಿಯೇ ಹೋಯಿತು. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಬಹಿರಂಗವಾಗಿ ಈ ತಪಾಸಣೆ ಬೇಡವೆಂದರು. ಮರುವರ್ಷದೊಳಗೆ ಶಸ್ತ್ರಚಿಕಿತ್ಸೆಗಳು ಗಣನೀಯವಾಗಿ ಇಳಿದವು.