ಫಿನ್ಲೆಂಡಿನ ದಾರುಭವನ

ಹಳೆಯ ತೊಟ್ಟಿಮನೆಗಳ ಕಂಬ, ತೊಲೆ, ಜಂತೆಗಳನ್ನು ತಾವೆಲ್ಲರೂ ಕಂಡಿರುವಿರಿ. ಆದರೆ ಸಂಶೋಧನಾಲಯವನ್ನೂ ಕಛೇರಿಯನ್ನೂ ಈ ಕಾಲದಲ್ಲಿ ಮರದಿಂದಲೇ ಕಟ್ಟಬಹುದೆಂದರೆ ಅನೇಕರಿಗೆ ಸಂಶಯವುಂಟಾದೀತು. ಫಿನ್ಲೆಂಡ್ ದೇಶದಲ್ಲಿ ಈ ಸಂಶಯಕ್ಕೇ ಒಂದು ಇತಿಹಾಸವಿದೆ.

ಆ ನಾಡಿನ ಭೂಭಾಗದಲ್ಲಿ ಸುಮಾರು ಮುಕ್ಕಾಲು ಪಾಲು ಅರಣ್ಯ. ಊರಿಗೆ ಊರೇ ಮರದ ಮನೆಗಳಿಂದ ತುಂಬಿದ್ದ ಕಾಲವದು. 1827ರ ಸೆಪ್ಟೆಂಬರಿನಲ್ಲಿ ತುರ್ಕು ನಗರಕ್ಕೆ ಬೆಂಕಿ ಬಿದ್ದು ಅದರ ಬಹುಭಾಗ ಭಸ್ಮವಾಯಿತು. ಸುಮಾರು 11,000 ಜನ ಮನೆಮಾರು ಕಳೆದುಕೊಂಡರು. ವಿಶ್ವವಿದ್ಯಾಲಯದ ಗ್ರಂಥಭಂಡಾರವೂ ಉರಿದುಹೋಯಿತು. ಮರುವರ್ಷ ಆ ವಿದ್ಯಾಪೀಠವೇ ಹೆಲ್ಸಿಂಕಿಗೆ ಸ್ಥಳಾಂತರಗೊಂಡಿತು. ವಾಸ್ತುಶಿಲ್ಪಿ ಎಂಗೆಲ್ ತುರ್ಕುವಿಗೆ ಅಗಲವಾದ ಬೀದಿಗಳ ಹೊಸ ನಕ್ಷೆಯನ್ನು ರಚಿಸಿದನು. ಕಾಲಕ್ರಮದಲ್ಲಿ ದೊಡ್ಡ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ, ಆಮೇಲೆ ಕಾಂಕ್ರೀಟೇ ರೂಢಿಯಾಯಿತು. ಕಾಡಿನ ನಡುವೆ ಇದ್ದೂ ಜನ ಮರಕ್ಕೆ ಅಂಜಿದರು. ಅಂಜಿದ್ದು ತಪ್ಪೆಂದು ಯಾರು ಹೇಳಬಲ್ಲರು?

ಆ ಅಂಜಿಕೆಯನ್ನು ಕಡಮೆ ಮಾಡಿದ್ದು ಪದರಮರದ ವಿದ್ಯೆ. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಬಾಗಿದ ತೊಲೆಯನ್ನು ಮಾಡುವ ಕ್ರಮಕ್ಕೆ ಜರ್ಮನಿಯ ಆಟೋ ಹೆಟ್ಜರ್ 1906ರಲ್ಲಿ ಸ್ವಾಮ್ಯಪತ್ರ ಪಡೆದನು. ಇಂತಹ ದಪ್ಪ ತೊಲೆಗೆ ಬೆಂಕಿ ತಗುಲಿದರೆ ಹೊರಮೈ ಮೊದಲು ಕರಿಕಾಗುತ್ತದೆ. ಆ ಇದ್ದಲಿನ ಪದರವೇ ಒಳತಿರುಳನ್ನು ಕಾಯುತ್ತದೆ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಂತೆ ಅದು ಸುಡುವುದರಿಂದ, ತೊಲೆಯು ಎಷ್ಟು ಹೊತ್ತು ಭಾರ ಹೊರಬಲ್ಲುದೆಂದು ಮುಂಚಿತವಾಗಿ ಗಣಿಸಬಹುದು. ಕಾದ ಉಕ್ಕಾದರೋ ಬಲಗುಂದಿ ಬಾಗಿಬಿಡುತ್ತದೆ! 1997ರಲ್ಲಿ ಫಿನ್ಲೆಂಡಿನ ಅಗ್ನಿನಿಯಮವು ನಾಲ್ಕಂತಸ್ತಿನವರೆಗೆ ಮರದ ಕಟ್ಟಡಗಳಿಗೆ ಎಡೆಗೊಟ್ಟಿತು.

2004ರಲ್ಲಿ ಪೂರ್ವಭಾಗದ ಯೋಎನ್‌ಸೂ ಪಟ್ಟಣದಲ್ಲಿ, ಮೆಟ್ಲಾ ಎಂಬ ಅರಣ್ಯ ಸಂಶೋಧನ ಸಂಸ್ಥೆಯ ಮೂರಂತಸ್ತಿನ ದಾರುಭವನವು ಎದ್ದು ನಿಂತಿತು. ಕಂಬ, ತೊಲೆ, ಅಂತಸ್ತು ಎಲ್ಲಕ್ಕೂ ಮರವೇ ಆಧಾರ. ಕಾಡನ್ನು ಅಭ್ಯಸಿಸುವವರು ಕಾಡಿನ ವಸ್ತುವಿನಲ್ಲೇ ಕುಳಿತು ಕೆಲಸ ಮಾಡುವುದು ಎಷ್ಟು ಉಚಿತ!

ಮರದ ಒಣತೂಕದಲ್ಲಿ ಸುಮಾರು ಅರ್ಧಭಾಗ ಇಂಗಾಲ. ಕಟ್ಟಡ ನಿಂತಿರುವವರೆಗೆ ಅದು ಗಾಳಿಗೆ ಮರಳದು. ಆದರೆ ಕಡಿದಷ್ಟೂ ಬೆಳೆದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆಂಬುದನ್ನು ತಾವು ಗಮನಿಸಬೇಕು. ಮೆಟ್ಲಾ 2015ರಲ್ಲಿ ಲೂಕೆ ಎಂಬ ಪ್ರಾಕೃತಿಕ ಸಂಪನ್ಮೂಲ ಸಂಸ್ಥೆಯಲ್ಲಿ ಲೀನವಾಯಿತು. 2022ರ ಕೊನೆಯಲ್ಲಿ ಪ್ರಕಟವಾದ ಗಣನೆಯಂತೆ, ಫಿನ್ಲೆಂಡಿನ ಕಾಡು ಮತ್ತು ನೆಲವೆಲ್ಲ ಸೇರಿ 2021ರಲ್ಲಿ ಹೀರಿದ್ದಕ್ಕಿಂತ ಹೊರಬಿಟ್ಟುದೇ ಹೆಚ್ಚು. ಕಡಿತ ಹೆಚ್ಚಿದುದು, ಮರಗಳ ಬೆಳವಣಿಗೆ ಕುಗ್ಗಿದುದು ಇದಕ್ಕೆ ಮುಖ್ಯ ಕಾರಣ. ಈ ಕಹಿಲೆಕ್ಕವನ್ನು ಹಾಕಿದವರು ಅದೇ ಲೂಕೆಯವರು.